ಮೊದಲು ತಪ್ಪು ಉತ್ತರ ಒತ್ತಿ ನೋಡಿ

ಮಕ್ಕಳಿಗೆಂದು ಮಾಡಿದ ಯಾವುದೇ ಕಲಿಕಾ ಜಾಲತಾಣವನ್ನು ತರಗತಿಗೆ ಒಯ್ಯುವ ಮುಂಚೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಬೇಕೆಂದೇ ತಪ್ಪು ಉತ್ತರ ಒತ್ತುತ್ತೇನೆ. ಸರಿ ಉತ್ತರಕ್ಕೆ ಎಲ್ಲ ತಾಣಗಳೂ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ: ನಕ್ಷತ್ರ ಮಿನುಗುತ್ತದೆ, ಚಪ್ಪಾಳೆ ಕೇಳಿಸುತ್ತದೆ, ಬಲೂನು ಹಾರುತ್ತದೆ. ತಪ್ಪಾದಾಗ ಮಗುವಿನ ಎದುರಿಗೆ ಏನು ಬರುತ್ತದೆ ಎನ್ನುವುದರಲ್ಲಿ ತಾಣದ ಯೋಗ್ಯತೆ ಗೊತ್ತಾಗುತ್ತದೆ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಶಾಲೆಯಲ್ಲಿ ದಾನಿಗಳು ಕೊಟ್ಟ ಒಂದು ಪ್ರೊಜೆಕ್ಟರ್ ಇದೆ, ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಿವೆ. ನೆಟ್ ಬೇಕೆಂದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ಈ ಅನುಕೂಲದಲ್ಲಿ ಏನೇನು ಮಾಡಬಹುದು, ಯಾವುದಕ್ಕೆ ಸಮಯ ಕೊಡಬಾರದು ಎಂದು ವರ್ಷಗಳಿಂದ ಮಕ್ಕಳ ಪಕ್ಕದಲ್ಲಿ ಕೂತು ಕಲಿತದ್ದನ್ನು, ಈ ಕೆಲಸಕ್ಕೆ ಹೊಸದಾಗಿ ಬರುವ ಶಿಕ್ಷಕರಿಗೂ ಪೋಷಕರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಉಚಿತವಾಗಿ ಸಿಗುವ ತಾಣಗಳಲ್ಲಿ ಹೆಚ್ಚಿನವು ನಾಲ್ಕು ಆಯ್ಕೆಗಳ ಪ್ರಶ್ನೆಗಳು. ತಪ್ಪು ಒತ್ತಿದರೆ ಕೆಂಪು ಗುರುತು, 'ಮತ್ತೊಮ್ಮೆ ಪ್ರಯತ್ನಿಸಿ'. ಇನ್ನೊಂದು ಒತ್ತು, ಮತ್ತೊಂದು ಒತ್ತು. ನಾಲ್ಕನೇ ಸಲದೊಳಗೆ ನಕ್ಷತ್ರ ಬಂದೇ ಬರುತ್ತದೆ. ಇದನ್ನು ಕಂಡುಕೊಳ್ಳಲು ಹತ್ತು ವರ್ಷದ ಮಗುವಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಆಮೇಲೆ ಅದು ಪ್ರಶ್ನೆಯನ್ನು ಓದುವುದನ್ನೇ ಬಿಡುತ್ತದೆ. ಮಗುವನ್ನು ದೂರಲಾರೆ. ನಕ್ಷತ್ರವೇ ಗುರಿ ಎಂದು ಹೇಳಿಕೊಟ್ಟದ್ದು ತಾಣ, ಅಲ್ಲಿಗೆ ಅತಿ ಹತ್ತಿರದ ದಾರಿ ಹುಡುಕಿದ್ದು ಮಗು. ಹೊರಗಿನಿಂದ ನೋಡುವವರಿಗೆ ತರಗತಿ ತುಂಬ ಚುರುಕಾಗಿ ಕಾಣುತ್ತದೆ. ಎಲ್ಲರ ಬೆರಳೂ ಓಡುತ್ತಿರುತ್ತದೆ, ಎಲ್ಲರ ಮುಖದಲ್ಲೂ ನಗು. ಮಾರನೇ ದಿನ ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ಮೌನ.

ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು ಎಂದರೆ ಪ್ರತಿ ವರ್ಷವೂ ಅರ್ಧ ತರಗತಿ 1/4 ಎನ್ನುತ್ತದೆ. ಕಾರಣ ಕೇಳಿದರೆ, "ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಮಿಸ್?" ಮಗು ಅಲ್ಲಿಯವರೆಗೆ ಪೂರ್ಣ ಸಂಖ್ಯೆಗಳಲ್ಲಿ ಕಲಿತ ನಿಯಮವನ್ನು ನಿಷ್ಠೆಯಿಂದ ಇಲ್ಲಿಗೂ ಹಚ್ಚಿದೆ. ಕೆಂಪು ಗುರುತು ಬಿದ್ದರೆ ಅದಕ್ಕೆ ಗೊತ್ತಾಗುವುದು ಉತ್ತರ ಇನ್ನೊಂದು ಎನ್ನುವುದಷ್ಟೇ. ಆ ನಿಯಮ ತಲೆಯಲ್ಲಿ ಹಾಗೆಯೇ ಇರುತ್ತದೆ, 1/7 ಮತ್ತು 1/5 ಬಂದಾಗ ಮತ್ತೆ ಹೊರಗೆ ಬರುತ್ತದೆ.

ಇದಕ್ಕೆ ನಾನು ಬಳಸುವುದು 'ಫೆಟ್' (PhET) ತಾಣದ ಭಿನ್ನರಾಶಿ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಮಕ್ಕಳೇ ಬದಲಾಯಿಸಿ ನೋಡಬಹುದಾದ ಮಾದರಿ. ಫೆಟ್ ಶುರುವಾದದ್ದು 2002ರಲ್ಲಿ, ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ. ಅದನ್ನು ಕಟ್ಟಿದ ಕಾರ್ಲ್ ವೀಮನ್ ಅದರ ಹಿಂದಿನ ವರ್ಷವಷ್ಟೇ ಭೌತವಿಜ್ಞಾನದ ನೊಬೆಲ್ ಪಡೆದಿದ್ದರು. ಮೊದಲು ಭೌತವಿಜ್ಞಾನಕ್ಕಷ್ಟೇ ಇದ್ದದ್ದು ಈಗ ಚಿಕ್ಕ ಮಕ್ಕಳ ಗಣಿತದವರೆಗೂ ಬೆಳೆದಿದೆ. ಉಚಿತ, ಲಾಗಿನ್ ಬೇಡ. ಸ್ವಯಂಸೇವಕರು ಅನುವಾದಿಸಿದ ಕನ್ನಡ ಆವೃತ್ತಿಗಳೂ ಒಂದಷ್ಟು ಇವೆ. ಭಿನ್ನರಾಶಿಯಲ್ಲಿ ಪರದೆಯ ಕೆಳಗೆ ತುಂಡುಗಳ ಬುಟ್ಟಿ, ಮೇಲೆ ಖಾಲಿ ವೃತ್ತ, ಪಕ್ಕದಲ್ಲಿ ಅಂಶ ಮತ್ತು ಛೇದ. ಛೇದವನ್ನು 3ರಿಂದ 4ಕ್ಕೆ ಏರಿಸಿದರೆ ವೃತ್ತ ನಾಲ್ಕು ಭಾಗವಾಗುತ್ತದೆ, ಬುಟ್ಟಿಯಲ್ಲಿರುವ ತುಂಡೂ ಕಿರಿದಾಗುತ್ತದೆ. ವೃತ್ತ ಬೇಡವೆಂದರೆ ಆಯತ, ನೀರು ತುಂಬುವ ಬೀಕರ್, ಕೇಕು, ಸಂಖ್ಯಾರೇಖೆ. ಇಲ್ಲಿ ಯಾರೂ ತಪ್ಪು ಎನ್ನುವುದಿಲ್ಲ, ಗಂಟೆಯೂ ಬಾರಿಸುವುದಿಲ್ಲ. ಛೇದ ಏರಿಸುತ್ತಾ ಹೋದ ಮಗು ತಾನಾಗಿಯೇ ನಿಲ್ಲುತ್ತದೆ: "ಮಿಸ್, ನಂಬರ್ ದೊಡ್ಡದಾದಷ್ಟೂ ತುಂಡು ಸಣ್ಣದಾಗ್ತಾ ಹೋಗ್ತಿದೆ!" ಆ ಮಾತು ಮಗುವಿನ ಬಾಯಿಂದ ಬರಲಿ ಎಂದು ನಾನು ಕಾಯುತ್ತೇನೆ. ನಾನೇ ಹೇಳಿಬಿಟ್ಟರೆ ಅದು ನೋಟ್ಸ್ ಆಗುತ್ತದೆ.

ಹಾಗೆಂದು ಪರದೆಯಿಂದಲೇ ಶುರು ಮಾಡುವುದಿಲ್ಲ. ಅಕ್ಷರ ಫೌಂಡೇಶನ್ ಸಂಸ್ಥೆ ರೂಪಿಸಿದ 'ಗಣಿತ ಕಲಿಕಾ ಆಂದೋಲನ' ಕಾರ್ಯಕ್ರಮದ ಕಿಟ್ ನಮ್ಮಲ್ಲಿದೆ, ಅದರಲ್ಲಿ ಭಿನ್ನರಾಶಿಯ ತುಂಡುಗಳಿವೆ. ಕಾಗದವಂತೂ ಇದ್ದೇ ಇದೆ. ಮೊದಲು ಮಡಚಬೇಕು, ಕತ್ತರಿಸಬೇಕು, ಒಂದರ ಮೇಲೊಂದು ಇಟ್ಟು ನೋಡಬೇಕು. ಆದರೆ ಕಾಗದವನ್ನು ಎರಡು, ನಾಲ್ಕು, ಎಂಟು ಭಾಗ ಮಾಡುವುದು ಸುಲಭ. ಮೂರು ಭಾಗಕ್ಕೆ ಸ್ವಲ್ಪ ಒದ್ದಾಡಬೇಕು. ಐದು, ಏಳು ಸಮಭಾಗ ಎಂದರೆ ದೊಡ್ಡವರಿಗೂ ಕಷ್ಟ. ಪರದೆ ಬೇಕಾಗುವುದು ಅಲ್ಲಿ, ಕೈಗೆ ಆಗದ ಜಾಗದಲ್ಲಿ. ಕೈಗೆ ಆಗುವುದನ್ನೇ ಪರದೆಯ ಮೇಲೆ ಮತ್ತೆ ಮಾಡಿಸುವ ತಾಣಗಳನ್ನು ನಾನು ಕೈಬಿಟ್ಟಿದ್ದೇನೆ. ಹತ್ತು ಗೋಲಿ ಎಣಿಸಲು ಕರೆಂಟ್ ಯಾಕೆ ಬೇಕು?

ನನ್ನ ಮಕ್ಕಳಿಗೆ ಅತಿ ಹೆಚ್ಚು ಹಿಡಿಸಿರುವುದು ಅದೇ ಫೆಟ್‌ನ 'ಏರಿಯಾ ಬಿಲ್ಡರ್', ವಿಸ್ತೀರ್ಣ ಮತ್ತು ಸುತ್ತಳತೆಯ ಪಾಠಕ್ಕೆ. ಚೌಕಳಿ ಹಾಳೆಯಂಥ ಒಂದು ಜಾಗ, ಬುಟ್ಟಿಯಲ್ಲಿ ಚೌಕಗಳು. ಎಳೆದು ಜೋಡಿಸಿದರೆ ಆಕೃತಿಯ ವಿಸ್ತೀರ್ಣ ಎಷ್ಟು, ಸುತ್ತಳತೆ ಎಷ್ಟು ಎಂದು ಒಂದು ಪೆಟ್ಟಿಗೆಯಲ್ಲಿ ಕಾಣುತ್ತದೆ. ಆ ಪೆಟ್ಟಿಗೆಯನ್ನು ಮುಚ್ಚಿಡಬಹುದು. ನನ್ನ ಪಾಠ ನಿಂತಿರುವುದೇ ಮುಚ್ಚುವ ಈ ಸೌಲಭ್ಯದ ಮೇಲೆ. ತೆರೆದಿಟ್ಟರೆ ಮಕ್ಕಳು ಚೌಕ ಇಡುತ್ತಾರೆ, ಅಂಕಿ ಓದುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಮುಚ್ಚಿ, "ಈಗ ಎಷ್ಟಿದೆ ಹೇಳಿ, ಬರೆಯಿರಿ, ಆಮೇಲೆ ತೆರೆಯಿರಿ" ಎಂದರೆ ಪಾಠವೇ ಬೇರೆಯಾಗುತ್ತದೆ.

12 ಚೌಕಗಳಿಂದ ಶುರು. ಉದ್ದಕ್ಕೆ ಒಂದೇ ಸಾಲಿನಲ್ಲಿಟ್ಟರೆ ಸುತ್ತಳತೆ 26. ಎರಡು ಸಾಲು, ಆರಾರು ಚೌಕ: 16. ಮೂರು ಸಾಲು, ನಾಲ್ಕು ನಾಲ್ಕು: 14. ಚೌಕ ಅಷ್ಟೇ ಇದ್ದರೂ ಬೇಲಿ ಕಡಿಮೆಯಾಯಿತಲ್ಲ ಎಂದು ರೈತರ ಮನೆಯ ಮಕ್ಕಳು ತಕ್ಷಣ ಹಿಡಿಯುತ್ತಾರೆ. ಇಲ್ಲಿಯವರೆಗೆ ಪಠ್ಯಪುಸ್ತಕದ ದಾರಿ.

ಆಮೇಲೆ ಮೂರು ಸಾಲಿನ ಆ ಆಯತದಿಂದ ಒಂದು ಮೂಲೆಯ ಚೌಕ ತೆಗೆಯಿರಿ ಎನ್ನುತ್ತೇನೆ. ವಿಸ್ತೀರ್ಣ 11 ಆಗುತ್ತದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಸುತ್ತಳತೆ? ಕೆಲವರು 13 ಎಂದು ಬರೆಯುತ್ತಾರೆ, ಕೆಲವರು 12, ಒಬ್ಬಿಬ್ಬರು 10. ಚೌಕ ಹೋದ ಮೇಲೆ ಕಡಿಮೆಯಾಗಲೇಬೇಕು ಎಂದು ಎಲ್ಲರಿಗೂ ಖಾತ್ರಿ. ಪೆಟ್ಟಿಗೆ ತೆರೆದರೆ 14. "ಕಂಪ್ಯೂಟರ್ ತಪ್ಪು ಹೇಳ್ತಿದೆ ಮಿಸ್" ಎಂದು ಒಬ್ಬ ಹುಡುಗ ಗಟ್ಟಿಯಾಗಿ ವಾದಿಸಿದ್ದ. ನಾನು ಅವನಿಗೆ ಉತ್ತರ ಕೊಡದೆ, ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಅಂಚುಗಳನ್ನು ಎಣಿಸು ಎಂದೆ. ಎರಡು ಸಲ ಎಣಿಸಿದ. ಆಮೇಲೆ ಅವನ ಗುಂಪಿನ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದಳು: 'ಹೊರಗಿನ ಎರಡು ಗೆರೆ ಹೋಯ್ತು, ಒಳಗಿಂದ ಎರಡು ಗೆರೆ ಬಂತು.' ಇದಕ್ಕಿಂತ ಚೊಕ್ಕವಾದ ವಿವರಣೆ ನನ್ನಿಂದಲೂ ಆಗುತ್ತಿರಲಿಲ್ಲ. ಮುಂದೆ ಮೂಲೆ ಬಿಟ್ಟು ಅಂಚಿನ ನಡುವಿನ ಚೌಕ ತೆಗೆಸಿದರೆ ಸುತ್ತಳತೆ 16ಕ್ಕೆ ಏರುತ್ತದೆ. ತೆಗೆದರೆ ಹೆಚ್ಚಾಗುತ್ತದೆ! ಅಷ್ಟು ಹೊತ್ತಿಗೆ ತರಗತಿಯಲ್ಲಿ ನನ್ನ ಕೆಲಸ ಮುಗಿದಿರುತ್ತದೆ, ಪ್ರಶ್ನೆಗಳು ಅವರಿಂದಲೇ ಬರುತ್ತವೆ. ಸುತ್ತಳತೆ 14 ಇರಬೇಕು, ಅತಿ ಕಡಿಮೆ ಎಷ್ಟು ಚೌಕ ಸಾಕು ಎಂದು ಒಂದು ಗುಂಪು ಕೇಳಿತ್ತು. ಆರು ಸಾಕು, ಒಂದೇ ಸಾಲಿನಲ್ಲಿ. ಅತಿ ಹೆಚ್ಚು 12. ನಡುವಿನ 7ರಿಂದ 11ರವರೆಗೆ ಎಲ್ಲಕ್ಕೂ ಆಕೃತಿ ಸಿಗುತ್ತದೆಯೇ ಎಂದು ಊಟದ ಬಿಡುವಿನಲ್ಲೂ ಚೌಕಳಿ ಹಾಳೆಯ ಮೇಲೆ ಹುಡುಕಿದರು.

ಇಲ್ಲಿ ಮಗುವಿನ ತಪ್ಪಿಗೂ ಒಂದು ಫಲ ಇದೆ. 13 ಎಂದು ಊಹಿಸಿದ ಮಗು 14 ಕಂಡಾಗ ಆ ಎರಡರ ನಡುವಿನ ಒಂದು ಎಲ್ಲಿಂದ ಬಂತು ಎಂದು ಹುಡುಕಲು ಕಣ್ಣೆದುರಿಗೇ ವಸ್ತು ಇದೆ. ಕೆಂಪು ಗುರುತಿನಲ್ಲಿ ಹುಡುಕಲು ಏನೂ ಇಲ್ಲ.

ಒಂದು ಲ್ಯಾಪ್‌ಟಾಪಿಗೆ ಮೂವರು ಕೂರುತ್ತಾರೆ. ಸುಮ್ಮನೆ ಬಿಟ್ಟರೆ ಒಬ್ಬನ ಕೈಯಲ್ಲಿ ಮೌಸ್, ಉಳಿದಿಬ್ಬರು ಪ್ರೇಕ್ಷಕರು. ಮೌಸ್ ಹಿಡಿಯುವುದು ಹೆಚ್ಚಾಗಿ ಜೋರಿರುವ ಹುಡುಗ, ಹೆಣ್ಣುಮಕ್ಕಳು ಹಿಂದಕ್ಕೆ ಸರಿಯುತ್ತಾರೆ. ಅದಕ್ಕೆ ನಮ್ಮ ತರಗತಿಯ ನಿಯಮ: ಮೌಸ್ ಹಿಡಿದವರು ತಮ್ಮಷ್ಟಕ್ಕೆ ಏನೂ ಮಾಡುವಂತಿಲ್ಲ, ಪಕ್ಕದವರು ಹೇಳಿದ್ದನ್ನು ಮಾಡಬೇಕು. ಹೇಳುವವರು ಮುಟ್ಟುವಂತಿಲ್ಲ. ಮೂರನೆಯವರು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತಾರೆ, 'ಊಹೆ' ಮತ್ತು 'ಕಂಡದ್ದು'. ಚಪ್ಪಾಳೆ ತಟ್ಟಿದಾಗ ಜಾಗ ಬದಲು. ಬಾಯಿಬಿಟ್ಟು ಹೇಳದೆ ಕೆಲಸ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಮಕ್ಕಳು 'ಇಲ್ಲಿ', 'ಅಲ್ಲಿ' ಬಿಟ್ಟು 'ಎರಡನೇ ಸಾಲಿನ ಕೊನೇ ಚೌಕ' ಎನ್ನಲು ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಇದು ಕಷ್ಟವಾಗಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಅವರು 'ತಟ್ಟೆ' ಎಂದು ಕರೆಯುವ ಗುಂಪುಗಳಲ್ಲಿ ಕೂತು, ಗೆಳೆಯರ ಬೆಂಬಲದಿಂದ ಕಲಿತು ಬಂದವರು. ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲು ಬೆಂಚಿನಲ್ಲಿ ಕೂರಿಸಿ ಆ ಅಭ್ಯಾಸವನ್ನು ನಾವೇ ಬಿಡಿಸುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ.

ಇನ್ನು ಸಾಮಾನು ಸರಂಜಾಮಿನ ವಿಷಯ, ಚುಟುಕಾಗಿ. ಪಾಠಕ್ಕೆ ನೆಚ್ಚಿಕೊಂಡದ್ದು ಪೆನ್‌ಡ್ರೈವ್‌ನಲ್ಲಿ ಇರಲೇಬೇಕು. ಫೆಟ್‌ನ ಎಚ್‌ಟಿಎಂಎಲ್5 (ಬೇರೆ ತಂತ್ರಾಂಶ ಬೇಡದೆ ಬ್ರೌಸರ್‌ನಲ್ಲೇ ನಡೆಯುವ) ಸಿಮ್ಯುಲೇಶನ್‌ಗಳನ್ನು ಒಂದೊಂದೇ ಕಡತವಾಗಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತವೆ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ, ಬ್ರೌಸರ್‌ನಲ್ಲಿ ಇಂಥ ಆಟಗಳನ್ನು ನಡೆಸುತ್ತಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಲ್ಲಿಸಿದಾಗ ಮಕ್ಕಳ ಎಷ್ಟೋ ಒಳ್ಳೆಯ ಆಟದ ತಾಣಗಳು ಒಟ್ಟಿಗೇ ಮಲಗಿದವು. ಅವುಗಳ ಮೇಲೆ ಪಾಠಯೋಜನೆ ಕಟ್ಟಿಕೊಂಡಿದ್ದ ಶಿಕ್ಷಕರು ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಾಯಿತು. ಜಾಹೀರಾತು ಇರುವ ತಾಣವನ್ನು ಮಕ್ಕಳ ಕೈಗೆ ಕೊಡುವುದೇ ಇಲ್ಲ. ಹಸಿರು ಬಣ್ಣದ ಜಾಹೀರಾತಿನ ಗುಂಡಿಗೂ ಆಟದ ಗುಂಡಿಗೂ ಎಂಟು ವರ್ಷದ ಮಗು ವ್ಯತ್ಯಾಸ ಹೇಳಲಾರದು. ಮಗುವಿನ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಕೇಳುವ ತಾಣಗಳೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆ ಒಪ್ಪಿಗೆಯನ್ನು ಶಿಕ್ಷಕರು ಪೋಷಕರ ಪರವಾಗಿ ಒತ್ತಿಬಿಡುವುದು ಸರಿಯಲ್ಲ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ತೆರೆಯುವ, ಸರ್ಕಾರದ ಕಲಿಕಾ ತಾಣವಾದ ದೀಕ್ಷಾ ವೇದಿಕೆಯನ್ನು ನಾನು ಪಾಠ ಮುಗಿದ ಮೇಲಿನ ಪುನರಾವರ್ತನೆಗೆ ಇಟ್ಟುಕೊಂಡಿದ್ದೇನೆ, ಕನ್ನಡದಲ್ಲಿ, ನಮ್ಮದೇ ಪಠ್ಯಕ್ಕೆ ಹೊಂದುವಂತೆ ಸಿಗುತ್ತದೆ ಎನ್ನುವುದು ದೊಡ್ಡ ಅನುಕೂಲ. ಓದಿಗೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಎಂಬ ಕಥೆಗಳ ತಾಣ. ಅಲ್ಲಿನ ಕನ್ನಡ ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ಆರಿಸಬಹುದು, ಮುದ್ರಿಸಬಹುದು, ಮಕ್ಕಳೇ ಚಿತ್ರ ಆರಿಸಿ ತಮ್ಮ ಕಥೆ ಬರೆಯಲೂಬಹುದು.

ಸಿಆರ್‌ಪಿಯವರು (ಇಲಾಖೆಯಿಂದ ಶಾಲೆಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಸ್ಮಾರ್ಟ್ ಕ್ಲಾಸ್ ವಾರಕ್ಕೆ ಎಷ್ಟು ಅವಧಿ ನಡೆಯುತ್ತದೆ ಎಂದು ಕೇಳುತ್ತಾರೆ. ನಾನು ಅವಧಿಯ ಲೆಕ್ಕದ ಜೊತೆಗೆ ಮಕ್ಕಳ 'ಊಹೆ–ಕಂಡದ್ದು' ನೋಟ್‌ಬುಕ್ ಮುಂದಿಡುತ್ತೇನೆ. ವರ್ಷದ ಆರಂಭದಲ್ಲಿ ಊಹೆಯ ಸಾಲು ಖಾಲಿ ಇರುತ್ತದೆ, ತಪ್ಪಾದೀತು ಎಂಬ ಹೆದರಿಕೆ. ದಸರಾ ರಜೆ ಕಳೆಯುವ ಹೊತ್ತಿಗೆ ತುಂಬುತ್ತದೆ, ಹೊಡೆದುಹಾಕಿ ಮತ್ತೆ ಬರೆದ ಗುರುತುಗಳೂ ಇರುತ್ತವೆ. ಮನೆಯಲ್ಲಿ ಯಾವ ಆ್ಯಪ್ ಹಾಕಿಸಲಿ ಎಂದು ಕೇಳುವ ತಾಯಂದಿರಿಗೂ ಇದನ್ನೇ ಹೇಳುತ್ತೇನೆ: ಯಾವುದೇ ಹಾಕಿಸಿ, ಹತ್ತು ನಿಮಿಷ ಪಕ್ಕದಲ್ಲಿ ಕೂತು, ಒತ್ತುವ ಮುಂಚೆ "ಈಗ ಏನಾಗುತ್ತೆ ಹೇಳು ಪುಟ್ಟಾ" ಎಂದು ಕೇಳಿ. ಅದಕ್ಕೆ ಓದು ಬರಹ ಬೇಕಾಗಿಲ್ಲವಲ್ಲಮ್ಮ ಎಂದಾಗ ಅವರ ಮುಖ ಅರಳುವುದನ್ನು ನೋಡಿದ್ದೇನೆ.

ನನಗೆ ಇನ್ನೂ ಸಿಗದಿರುವುದು ಒಂದನೇ, ಎರಡನೇ ತರಗತಿಯ ಕನ್ನಡ ಅಕ್ಷರಗಳಿಗೆ ಇಂಥ ತಾಣ. ನಾನು ನೋಡಿದವು ಚಿತ್ರ ತೋರಿಸಿ, ಅಕ್ಷರ ಮುಟ್ಟಿದರೆ ಉಚ್ಚರಿಸಿ ಸುಮ್ಮನಾಗುತ್ತವೆ. ನಮ್ಮ ಗುಣಿತಾಕ್ಷರ ಜೋಡಿಸಿ ಕಟ್ಟುವಂಥದ್ದು, ಇದಕ್ಕೆಂದೇ ಹೇಳಿ ಮಾಡಿಸಿದ ಹಾಗಿದೆ. ಬುಟ್ಟಿಯಲ್ಲಿ ಗುಡಿಸು, ಕೊಂಬು, ಏತ್ವ, ಓತ್ವ ಇರಲಿ, ಮೇಲೆ ವ್ಯಂಜನ ಇರಲಿ. 'ಕುರಿ' ಕಟ್ಟಬೇಕಾದ ಮಗು ಕೊಂಬಿನ ಬದಲು ಗುಡಿಸು ಎಳೆದು ಹಾಕಿದರೆ ಗಂಟೆ ಬಾರಿಸದೆ 'ಕಿರಿ' ಎಂದು ಓದಿ ಹೇಳಲಿ. ಮಗುವಿನ ಕಿವಿಯೇ ಅದನ್ನು ತಿದ್ದುತ್ತದೆ. ಒತ್ತಕ್ಷರಕ್ಕೂ ಹಾಗೆಯೇ, ಕತೆಗೂ ಕತ್ತೆಗೂ ಇರುವ ಅಂತರವನ್ನು ಮಗು ತಾನೇ ಕಟ್ಟಿ, ಬಿಚ್ಚಿ, ಕೇಳಲಿ. ತಂತ್ರಾಂಶ ಬಲ್ಲ ಕನ್ನಡಿಗರು ಯಾರಾದರೂ ಇದನ್ನು ಮಾಡಲು ಮನಸ್ಸು ಮಾಡಿದರೆ, ಅರ್ಧಂಬರ್ಧ ಆದಾಗಲೇ ತಂದು ಪರೀಕ್ಷಿಸಲು ನಮ್ಮ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆಯುವ ಜವಾಬ್ದಾರಿ ನನ್ನದು. ಶನಿವಾರ ಬೆಳಗಿನ ತರಗತಿ ಅದಕ್ಕೆ ಅನುಕೂಲ.