ದಾರದ ತುದಿಯ ಆಲ್ಫಾ

ನಮ್ಮ ಶಾಲೆಯ ಸೈನ್ಸ್ ರೂಮಿನ ಬೀರುವಿನಲ್ಲಿ ಒಂದು ರಟ್ಟಿನ ಫೈಲ್ ಇತ್ತು. ಅದರೊಳಗೆ ನಾಲ್ಕಾಗಿ ಮಡಚಿದ ಒಂದು ಇಂಗ್ಲಿಷ್ ಹಾಳೆ. 1977ರಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಸೈನ್ಸ್ ಮೇಷ್ಟ್ರು ಅದನ್ನು ನಮ್ಮೆದುರು ಬಿಚ್ಚಿದರು. ಅವತ್ತು ನ್ಯೂಟನ್ನನ ಮೂರನೇ ನಿಯಮದ ಪಾಠ. ಬಲೂನು ಊದಿ, ಕೈಬಿಟ್ಟು ತೋರಿಸಿಯಾಗಿತ್ತು. ಅದು ಗೋಡೆಗೆ, ಸೂರಿಗೆ ಬಡಿದು ಯಾರದೋ ಬೆಂಚಿನ ಕೆಳಗೆ ಬಿದ್ದಿತ್ತು. "ಇದಕ್ಕೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲ. ಗೊತ್ತಿರೋದನ್ನ ತೋರಿಸ್ತೀನಿ ಬನ್ನಿ" ಎಂದರು.

ಹಾಳೆಯಲ್ಲಿ ಒಂದು ಪುಟ್ಟ ರಾಕೆಟ್ಟಿನ ಚಿತ್ರ. ಹೆಸರು ಆಸ್ಟ್ರಾನ್ ಆಲ್ಫಾ. ಅಮೆರಿಕದ ಎಸ್ಟೆಸ್ ಕಂಪನಿ 1960ರ ದಶಕದಲ್ಲಿ ಮಕ್ಕಳಿಗಾಗಿ ಹೊರತಂದ ಕಿಟ್ ಅದು. ಪೀಸ್ ಕೋರ್ ಎಂಬ ಸ್ವಯಂಸೇವಕರ ಸಂಸ್ಥೆಯ ಕಡೆಯಿಂದ ನಮ್ಮ ತಾಲ್ಲೂಕಿಗೆ ಬಂದಿದ್ದ ಅಮೆರಿಕದ ಹುಡುಗನೊಬ್ಬ ಊರಿಗೆ ಮರಳುವಾಗ ಮೇಷ್ಟ್ರಿಗೆ ಕೊಟ್ಟು ಹೋಗಿದ್ದನಂತೆ. ಕಿಟ್ ಇರಲಿಲ್ಲ, ಸೂಚನೆಯ ಹಾಳೆ ಮಾತ್ರ. ಅದರಲ್ಲಿ ಕಂಪನಿಯ ಊರು ಅಚ್ಚಾಗಿತ್ತು: ಪೆನ್‌ರೋಸ್, ಕೊಲೊರಾಡೊ. ನಾನು ಅಟ್ಲಾಸಿನಲ್ಲಿ ಹುಡುಕಿದೆ. ಪೆನ್‌ರೋಸ್ ಸಿಗಲಿಲ್ಲ. ಅದೇ ಕೊಲೊರಾಡೊದ ಡೆನ್ವರ್ ಸಿಕ್ಕಿತು. ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟೆ.

ಆ ಶನಿವಾರವೇ ಕೆಲಸ ಶುರುವಾಯಿತು. ಆಲ್ಫಾದ ಕೊಳವೆ ಒಂದಿಂಚಿಗೆ ಸ್ವಲ್ಪ ಕಡಿಮೆ ದಪ್ಪ. ಮೂತಿಯೂ ಸೇರಿ ಪೂರ್ತಿ ಉದ್ದ ಹನ್ನೆರಡು ಕಾಲು ಇಂಚು. ಮೇಷ್ಟ್ರ ಸೈಕಲ್ ಪಂಪು ಹೆಚ್ಚುಕಡಿಮೆ ಅದೇ ದಪ್ಪವಿತ್ತು. ಅದರ ಮೇಲೆ ಡ್ರಾಯಿಂಗ್ ಶೀಟ್ ಸುತ್ತಿ, ಮೈದಾ ಅಂಟು ಹಚ್ಚಿ, ಒಣಗಿದ ಮೇಲೆ ಮೆಲ್ಲಗೆ ಎಳೆದುಕೊಂಡೆವು. ಹಾಳೆಯಲ್ಲಿ ಹೇಳಿದ್ದ ಬಾಲ್ಸಾ ಎಂಬ ಹಗುರ ಮರ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಸಿಂಗ ಕಟ್ಟುವವರ ಮನೆಯಿಂದ ಬೆಂಡು ತಂದು, ಬ್ಲೇಡಿನಲ್ಲಿ ಕೆತ್ತಿ ಮೂತಿ ಮಾಡಿದೆವು. ರೆಕ್ಕೆಗಳಿಗೆ ನೋಟ್ ಬುಕ್ಕಿನ ರಟ್ಟು.

ಮೂರು ರೆಕ್ಕೆ ಸಮ ದೂರದಲ್ಲಿ ಕೂರಬೇಕಲ್ಲ? ನಾವು ಕೋನಮಾಪಕ ತೆಗೆದೆವು. ಮೇಷ್ಟ್ರು ಬೇಡವೆಂದರು. ಒಂದು ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಿಸಿದರು. ಸುತ್ತು ಮುಗಿದಲ್ಲಿ ಕತ್ತರಿಸಿ, ಪಟ್ಟಿಯನ್ನು ಮೂರಾಗಿ ಮಡಚಿ, ಮತ್ತೆ ಸುತ್ತಿಸಿದರು. ಮಡಿಕೆ ಬಂದ ಎರಡು ಕಡೆ, ಪಟ್ಟಿಯ ತುದಿಗಳು ಕೂಡಿದ ಕಡೆ, ಒಂದೊಂದು ರೆಕ್ಕೆ. ಅಷ್ಟೇ.

ಆಮೇಲೆ ಅವರು ಕಲಿಸಿದ್ದು ನನಗೆ ಆ ಶಾಲೆಯ ಎಲ್ಲ ಪಾಠಗಳಿಗಿಂತ ಜಾಸ್ತಿ ನೆನಪಿದೆ. ರಾಕೆಟ್ಟನ್ನು ಮೇಲಕ್ಕೆ ತಳ್ಳುವ ಮದ್ದಿನ ಸುರುಳಿಗೆ ಮೋಟಾರು ಎನ್ನುತ್ತಾರೆ. ಅದರ ಜಾಗದಲ್ಲಿ ಜೇಡಿಮಣ್ಣು ತುಂಬಿದ ಕಾಗದದ ಸುರುಳಿ ಇಟ್ಟರು. ರಾಕೆಟ್ಟನ್ನು ದಾರದ ಕುಣಿಕೆಯಲ್ಲಿ ತೂಗುಬಿಟ್ಟು, ಅಡ್ಡಡ್ಡ ಸಮನಾಗಿ ನಿಲ್ಲುವ ಜಾಗ ಹುಡುಕಿಸಿದರು. "ಇದು ತೂಕದ ನಡು" ಎಂದರು. ಕುಣಿಕೆ ಜಾರದಂತೆ ಅಂಟಿಸಿ, ಮೈದಾನಕ್ಕೆ ಒಯ್ದು, ತಲೆಯ ಮೇಲೆ ಗಿರಗಿರ ಬೀಸಲು ಹೇಳಿದರು. ರಾಕೆಟ್ಟು ಮೂತಿ ಮುಂದೆ ಮಾಡಿಕೊಂಡು ಸುತ್ತಿದರೆ ಆಕಾಶದಲ್ಲೂ ನೆಟ್ಟಗೆ ಹೋಗುತ್ತದೆ. ಅಡ್ಡಡ್ಡ ಹೊರಳಿದರೆ ಹೋಗುವುದಿಲ್ಲ. ನಮ್ಮದು ಹೊರಳಿತು.

"ಗಾಳಿಗೂ ಒಂದು ನಡು ಇದೆ ಕಣ್ರೋ. ರೆಕ್ಕೆ ದೊಡ್ಡದಾದಷ್ಟೂ ಅದು ಬಾಲದ ಕಡೆ ಸರಿಯುತ್ತೆ. ತೂಕದ ನಡು ಅದಕ್ಕಿಂತ ಮುಂದಿರಬೇಕು. ಗಾಳಿಕೋಳಿ ನೋಡಿಲ್ವಾ? ಬಾಲ ಅಗಲ, ಅದಕ್ಕೇ ಮೂತಿ ಗಾಳಿಗೆ ಎದುರಾಗಿ ನಿಲ್ಲುತ್ತೆ" ಎಂದರು. ಮೂತಿಯೊಳಗೆ ಗೋಲಿಯಷ್ಟು ಮಣ್ಣು ಒತ್ತಿದೆವು. ಮತ್ತೆ ಬೀಸಿದೆವು. ಎರಡನೇ ಸುತ್ತಿಗೆ ಅದು ಮೂತಿ ತಿರುಗಿಸಿಕೊಂಡು ಸರ್ರನೆ ಓಡಲು ಶುರು ಮಾಡಿತು. ನಲವತ್ತು ಹುಡುಗರು ಕೂಗಿದ ಆ ಕೂಗು ಈಗಲೂ ಕಿವಿಯಲ್ಲಿದೆ.

ನಮಗೆ ಅಷ್ಟು ಸಾಕಾಗಲಿಲ್ಲ. ದೀಪಾವಳಿ ಹತ್ತಿರವಿತ್ತು. ನಾನು ಮತ್ತು ನನ್ನ ಗೆಳೆಯ ಪಟಾಕಿ ಬಿಚ್ಚಿ ಒಂದು ಪೊಟ್ಟಣದಷ್ಟು ಮದ್ದು ಸೇರಿಸಿದೆವು. ಮೋಟಾರು ನಾವೇ ಮಾಡೋಣವೆಂದು. ಮೇಷ್ಟ್ರಿಗೆ ಗೊತ್ತಾಯಿತು. ಅವರು ಹೊಡೆಯಲಿಲ್ಲ. ಪೊಟ್ಟಣ ಇಸ್ಕೊಂಡು ಬಕೆಟ್ ನೀರಿಗೆ ಹಾಕಿದರು. ಹಾಳೆ ತಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಮೋಟಾರು ಕಾರ್ಖಾನೆಯದೇ ಆಗಿರಬೇಕು, ಕೈಯಲ್ಲಿ ಮಾಡಬಾರದು ಎಂದಿತ್ತು ಅಲ್ಲಿ. "ಮೋಟಾರು ಸಿಗೋವರೆಗೂ ಇದು ದಾರದಲ್ಲೇ ಹಾರಲಿ" ಎಂದರು. ನನಗೆ ಬಹಳ ಕೋಪ ಬಂದಿತ್ತು. ಮೂರು ದಿನ ಅವರ ಎದುರಿಗೆ ಬೀಳಲಿಲ್ಲ.

ಮೋಟಾರು ಸಿಗಲೇ ಇಲ್ಲ. ಎಸ್ಸೆಸ್ಸೆಲ್ಸಿ ಆಯಿತು, ಡಿಪ್ಲೊಮಾ ಆಯಿತು, ಕೆಇಬಿಯಲ್ಲಿ ನೌಕರಿ ಸಿಕ್ಕಿತು. ಮೇಷ್ಟ್ರು ರಿಟೈರಾಗಿ ಕೆಲವು ವರ್ಷಕ್ಕೆ ತೀರಿಕೊಂಡರು.

ನನ್ನ ಮಗಳಿಗೆ ಕೆಲಸ ಸಿಕ್ಕಿದ್ದು ಡೆನ್ವರ್‌ನಲ್ಲಿ. ಪೆನ್ಸಿಲಿನ ಚುಕ್ಕೆ ಇಟ್ಟ ಊರಿನಲ್ಲೇ! ಮೊದಲ ಸಲ ಅಲ್ಲಿಗೆ ಹೋದಾಗ ಪೆನ್‌ರೋಸ್ ಎಲ್ಲಿದೆ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಹುಡುಕಿದರೆ, ಕಾರಿನಲ್ಲಿ ದಕ್ಷಿಣಕ್ಕೆ ಎರಡು ಗಂಟೆಯ ದಾರಿ. ಒಂದು ಭಾನುವಾರ ಹೋಗಿ ಬಂದೆವು. ಸಣ್ಣ ಊರು, ಬಯಲು, ದೂರದಲ್ಲಿ ಬೆಟ್ಟಗಳು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಸುಮ್ನೆ ಸ್ವಲ್ಪ ಹೊತ್ತು ನಿಂತೆ.

ಮೇಷ್ಟ್ರು ಬೆರಳಿಟ್ಟ ಆ ಸಾಲಿನ ಹಿಂದಿನ ಕಥೆ ನನಗೆ ತಿಳಿದದ್ದು ಆಗ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದ ಹುಡುಗರಿಗೆಲ್ಲ ರಾಕೆಟ್ ಹುಚ್ಚು ಹಿಡಿಯಿತು. ಮನೆಯ ಹಿತ್ತಲಿನಲ್ಲಿ ಮದ್ದು ಕಲಸಿ, ಲೋಹದ ಕೊಳವೆಗೆ ತುಂಬಿ, ಬೆರಳು ಕಳೆದುಕೊಂಡವರಿದ್ದಾರೆ, ಕಣ್ಣು ಕಳೆದುಕೊಂಡವರಿದ್ದಾರೆ. ಅದಕ್ಕೆ ಮೂರು ವರ್ಷ ಮೊದಲೇ, 1954ರಲ್ಲಿ, ನೆಬ್ರಾಸ್ಕಾದ ನಾರ್‌ಫೋಕ್ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್ ಕಾಗದದ ಕೊಳವೆ, ಬಾಲ್ಸಾ ರೆಕ್ಕೆಯ ಹಗುರ ರಾಕೆಟ್ ಮಾಡಿದ್ದರು. ಅದಕ್ಕೆ ಒಂದು ಸಲ ಬಳಸಿ ಬಿಸಾಡುವ ಮೋಟಾರು, ಕೆಳಗಿಳಿಯಲು ಪ್ಯಾರಾಶೂಟ್. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್ ಅದನ್ನು ನೋಡಿ, ಇದೇ ದಾರಿ ಎಂದುಕೊಂಡರು. ಮದ್ದಿನ ಕೆಲಸ ಕಾರ್ಖಾನೆಗೆ, ಉಳಿದದ್ದೆಲ್ಲ ಮಕ್ಕಳಿಗೆ. ಆ ಮೋಟಾರುಗಳನ್ನು ಮಾಡಲು ಡೆನ್ವರ್‌ನ ವರ್ನ್ ಎಸ್ಟೆಸ್ ಒಂದು ಯಂತ್ರ ಕಟ್ಟಿದರು. ಅದಕ್ಕೆ ಮೇಬಲ್ ಎಂದು ಹೆಸರಿಟ್ಟಿದ್ದರಂತೆ. ಓದುತ್ತ ಓದುತ್ತ ನನಗೆ ಆ ಬಕೆಟ್ ನೀರು ನೆನಪಾಯಿತು. ನನ್ನ ಹತ್ತು ಬೆರಳೂ ಇವೆ. ಗೆಳೆಯನವೂ ಇವೆ.

ಆವತ್ತೇ ಮನಸ್ಸು ಮಾಡಿದೆ. ಮೇಷ್ಟ್ರ ಹಾಳೆಯಲ್ಲಿದ್ದ ಆಲ್ಫಾವನ್ನೇ, ಬಾಲ್ಸಾ ಮೂತಿ, ಬಾಲ್ಸಾ ರೆಕ್ಕೆ ಇಟ್ಟು, ಅಳತೆ ತಪ್ಪದಂತೆ ಮಾಡಬೇಕು ಎಂದು. ಇಂಥ ಹಳೆಯ ರಾಕೆಟ್ಟುಗಳನ್ನು ಮತ್ತೆ ಕಟ್ಟುವವರು ಅಲ್ಲಿ ಬಹಳ ಜನ ಇದ್ದಾರೆ. ಅವರು ಇದನ್ನು ಕ್ಲೋನ್ ಎನ್ನುತ್ತಾರೆ. ಕೊಳವೆ, ಕಡೆದ ಮೂತಿ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ರೆಕ್ಕೆಗಳನ್ನು ನಾನೇ ಕತ್ತರಿಸಿದೆ. ಬಾಲ್ಸಾದ ಎಳೆ ರೆಕ್ಕೆಯ ಮುಂದಿನ ಅಂಚಿನ ಜೊತೆಗೇ ಸಾಗಬೇಕು. ಎಳೆ ತಪ್ಪಿದರೆ ನೆಲಕ್ಕೆ ತಾಗಿದ ಕೂಡಲೇ ಸೀಳುತ್ತದೆ. ಮುಂದಿನ ಅಂಚು ದುಂಡಗೆ, ಹಿಂದಿನದು ತೆಳ್ಳಗೆ. ಬಾಲ್ಸಾದ ಮೈ ತುಂಬ ಸಣ್ಣ ಸಣ್ಣ ರಂಧ್ರ. ಸೀಲರ್ ಹಚ್ಚುವುದು, ಉಜ್ಜುವುದು, ಮತ್ತೆ ಹಚ್ಚುವುದು, ಮತ್ತೆ ಉಜ್ಜುವುದು. ನಾಲ್ಕು ಸಂಜೆ ಅದಕ್ಕೇ ಹೋಯಿತು. ಇಂಥ ಕೆಲಸ ನನಗೆ ಬಹಳ ಇಷ್ಟ.

ರೆಕ್ಕೆಯ ಗುರುತಿಗೆ ಕಾಗದದ ಪಟ್ಟಿ ಸುತ್ತಿದೆ. ಸುತ್ತಳತೆ 78 ಮಿ.ಮೀ. ಮೂರಾಗಿ ಮಡಚಿದರೆ 26. ಮೊಮ್ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ತಾತ, ಇದನ್ನ ಯಾರು ಹೇಳಿಕೊಟ್ಟಿದ್ದು?" ಎಂದಳು. ಹೇಳಿದೆ.

ಮೋಟಾರು ಅಂಗಡಿಯಲ್ಲಿ ಸಿಕ್ಕಿತು. ಎ8-3 ಎಂದು ಅದರ ಮೇಲಿತ್ತು. 18 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಕಾಗದದ ಸುರುಳಿ. ಎ ಎಂದರೆ ಮೋಟಾರು ಕೊಡುವ ಒಟ್ಟು ತಳ್ಳಿನ ವರ್ಗ, 8 ಎಂದರೆ ಸರಾಸರಿ 8 ನ್ಯೂಟನ್ ತಳ್ಳು. ಮದ್ದು ಸುಮಾರು 3 ಗ್ರಾಂ ಮಾತ್ರ. ಒಂದು ಸೆಕೆಂಡೂ ಉರಿಯುವುದಿಲ್ಲ. ಆಮೇಲೆ 3 ಸೆಕೆಂಡು ರಾಕೆಟ್ಟು ಹೊಗೆ ಬಿಡುತ್ತ ತಾನೇ ಮೇಲೇರುತ್ತದೆ. ಕೊನೆಗೆ ಒಳಗಿನ ಇನ್ನೊಂದು ಚಿಟಿಕೆ ಮದ್ದು ಮುಂದಕ್ಕೆ ಸಿಡಿದು ಮೂತಿಯನ್ನೂ ಪ್ಯಾರಾಶೂಟನ್ನೂ ಹೊರದಬ್ಬುತ್ತದೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಇಷ್ಟು ಚಿಕ್ಕದಕ್ಕೆ ಇಷ್ಟು ವರ್ಷ ಕಾದೆನಲ್ಲ ಅನ್ನಿಸಿತು.

ಹಾರಿಸುವ ಮೊದಲು ಹಿತ್ತಲಿನಲ್ಲಿ ದಾರ ಕಟ್ಟಿ ಬೀಸಿದೆ. ಮೋಟಾರು ಒಳಗಿಟ್ಟೇ ಬೀಸಬೇಕು, ಏಕೆಂದರೆ ಬಾಲ ಭಾರವಾಗುವುದು ಅದರಿಂದಲೇ. ಒಂದೇ ಸುತ್ತಿಗೆ ಮೂತಿ ಮುಂದಾಯಿತು.

ಆ ಶನಿವಾರ ಅಲ್ಲಿನ ರಾಕೆಟ್ ಕ್ಲಬ್‌ನ ಬಯಲಿಗೆ ಹೋದೆವು. ಗಾಳಿ ಕಡಿಮೆ ಇತ್ತು. ನೆಟ್ಟಗೆ ನಿಲ್ಲಿಸಿದ್ದ ಮೂರಡಿ ಸರಳಿಗೆ ಆಲ್ಫಾವನ್ನು ಇಳಿಸಿದೆ. ವೈರಿನ ಕೊನೆಯಲ್ಲಿ, ಹದಿನೈದು ಅಡಿಗಿಂತ ದೂರದಲ್ಲಿ ನಿಂತೆವು. ಬೆಂಕಿಕಡ್ಡಿ, ಬತ್ತಿ ಯಾವುದೂ ಇಲ್ಲ. ಬ್ಯಾಟರಿಯ ಗುಂಡಿ ಒತ್ತಬೇಕು. ಮೊಮ್ಮಗಳು ಐದು, ನಾಲ್ಕು, ಮೂರು ಎಂದು ಕನ್ನಡದಲ್ಲೇ ಎಣಿಸಿದಳು. ಗುಂಡಿ ಒತ್ತಿದ್ದೂ ಅವಳೇ.

ಸುಂಯ್ ಎಂದಿತು. ನಾನು ತಲೆ ಎತ್ತುವಷ್ಟರಲ್ಲಿ ಅದು ಬೆರಳುದ್ದ ಆಗಿತ್ತು. ನೆಟ್ಟಗೆ, ಒಂದಿಷ್ಟೂ ಓಲಾಡದೆ, ಬಿಳಿ ಹೊಗೆಯ ಗೆರೆ ಎಳೆದುಕೊಂಡು ಹೋಯಿತು. ತುದಿಯಲ್ಲಿ ಒಂದು ಕ್ಷಣ ನಿಂತಂತಾಯಿತು. ಟಪ್ ಎಂದು ಸಣ್ಣ ಸದ್ದು ಕೇಳಿಸಿತು. ಕಿತ್ತಳೆ ಬಣ್ಣದ ಪ್ಯಾರಾಶೂಟ್ ಬಿಚ್ಚಿಕೊಂಡಿತು. ಮೊಮ್ಮಗಳು ಓಡಿದಳು. ನನಗೆ ಓಡಲು ಆಗಲಿಲ್ಲ, ಕಣ್ಣು ಮಂಜಾಗಿತ್ತು. "ಸಾರ್, ಹೋಯ್ತು ಸಾರ್" ಎಂದು ಬಾಯಿಂದ ಬಂತು. ಪಕ್ಕದಲ್ಲಿದ್ದ ಮಗಳು ನನ್ನ ತೋಳು ಹಿಡಿದುಕೊಂಡಳು.

ಅವತ್ತು ಮೂರು ಸಲ ಹಾರಿಸಿದೆವು. ಮೂರನೇ ಸಲ ಗಟ್ಟಿ ನೆಲಕ್ಕೆ ಬಿದ್ದು ಒಂದು ರೆಕ್ಕೆ ಬುಡದಲ್ಲಿ ಬಿಟ್ಟುಕೊಂಡಿತು. ರಾತ್ರಿಯೇ ಅಂಟಿಸಿದೆ. ಅಂಟಿನ ಗೆರೆ ಕಾಣುತ್ತದೆ, ಹಾಗೇ ಬಿಟ್ಟಿದ್ದೇನೆ.

ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ಆಲ್ಫಾವನ್ನು ಶಾಲೆಯ ಸೈನ್ಸ್ ರೂಮಿಗೆ ಕೊಡುತ್ತೇನೆ, ಹೆಡ್ ಮೇಡಂ ಒಪ್ಪಿದ್ದಾರೆ. ಮೋಟಾರನ್ನು ವಿಮಾನದಲ್ಲಿ ತರುವಂತಿಲ್ಲ. ಅದರ ಜಾಗಕ್ಕೆ ಅಷ್ಟೇ ತೂಕದ ಜೇಡಿಮಣ್ಣಿನ ಸುರುಳಿ ಮಾಡಿ ಇಟ್ಟಿದ್ದೇನೆ. ತೂಕದ ನಡುವಿಗೆ ಪೆನ್ಸಿಲಿನ ಗೆರೆ ಇದೆ. ಜೊತೆಗೆ ಒಂದು ಉಂಡೆ ದಾರ.