ತಮ್ಮನ ಹೆಂಡತಿಯ ಮರುಮದುವೆ ಮತ್ತು ಸೇನೆಯ ಪಿಂಚಣಿ

ಸೇನೆಯಲ್ಲಿ ನಾಯಕ್, ಅಂದರೆ ಹವಾಲ್ದಾರ್‌ಗಿಂತ ಕೆಳಗಿನ ದರ್ಜೆಯಲ್ಲಿದ್ದ ನನ್ನ ತಮ್ಮ 2019ರಲ್ಲಿ ಅರುಣಾಚಲ ಪ್ರದೇಶದ ಗುಡ್ಡದ ರಸ್ತೆಯೊಂದರಲ್ಲಿ, ಕರ್ತವ್ಯದ ಮೇಲೆ ಹೋಗುತ್ತಿದ್ದ ವಾಹನ ಕಣಿವೆಗೆ ಉರುಳಿ ತೀರಿಕೊಂಡ. ಆಗ ಅವನ ಮಗಳಿಗೆ ನಾಲ್ಕು ವರ್ಷ. ಮಗ ಇನ್ನೂ ಎದೆಹಾಲು ಕುಡಿಯುವ ಕೂಸು. ಅವನ ಹೆಂಡತಿಗೆ ಇಪ್ಪತ್ತೈದು ತುಂಬಿರಲಿಲ್ಲ. ಇದಾದ ನಾಲ್ಕು ವರ್ಷಗಳ ನಂತರ, ಆಕೆಯನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಕೊಂಡು ಮದುವೆಯಾಗಲು ತಾವು ಸಿದ್ಧರೆಂದು ಪಕ್ಕದ ತಾಲ್ಲೂಕಿನ ಶಿಕ್ಷಕರೊಬ್ಬರು ಹಿರಿಯರ ಮೂಲಕ ಕೇಳಿ ಕಳಿಸಿದಾಗ, ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತವರು ಆತನ ಗುಣದ ಬಗ್ಗೆಯಾಗಲಿ, ಆಕೆಯ ಮನಸ್ಸಿನ ಬಗ್ಗೆಯಾಗಲಿ ಮಾತು ತೆಗೆಯಲಿಲ್ಲ. ಮೊದಲು ಬಂದ ಪ್ರಶ್ನೆಯೇ ಪಿಂಚಣಿಯದು.

ಮದುವೆಯಾದ ಮರುದಿನವೇ ಪಿಂಚಣಿ ನಿಲ್ಲುತ್ತದೆ ಎಂದು ಒಬ್ಬರು ಖಚಿತವಾಗಿ ಹೇಳಿದರು. ಮೈದುನನನ್ನೇ ಮದುವೆಯಾದರೆ ಮಾತ್ರ ಉಳಿಯುತ್ತದೆ, ಆದ್ದರಿಂದ ಕಿರಿಯ ಮಗನಿಗೇ ಮಾಡಿಕೊಡುವುದು ಲೇಸು ಎಂದು ಇನ್ನೊಬ್ಬರು ಹೇಳಿದರು. ಅವರ ಈ ಮಾತು ಕೇಳಿ, ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ನನ್ನ ಕಿರಿಯ ತಮ್ಮ ಎದ್ದು ಹೊರಗೆ ಹೋದ. ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟುಹೋದರೆ ಪಿಂಚಣಿಯೆಲ್ಲ ಈ ಮನೆಗೇ ಬರುತ್ತದೆ ಎನ್ನುವುದು ಮೂರನೆಯವರ ಮಾತಾಗಿತ್ತು. ಅಪ್ಪ ಏನೂ ಹೇಳಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದ ತಮ್ಮನ ಹೆಂಡತಿ, ಆ ರಾತ್ರಿ ನನ್ನ ಹತ್ತಿರ ಬಂದು, "ಅಕ್ಕಾ, ಮಕ್ಕಳ ಪಾಲಿಂದು ಹೋಗ್ತದ ಅಂದ್ರ ನನಗ ಈ ಮದುವಿ ಬ್ಯಾಡ" ಎಂದಳು. ಯಾರೋ ಎಲ್ಲೋ ಕೇಳಿದ ಮಾತಿನ ಮೇಲೆ ಒಂದು ಜೀವನ ಹೀಗೆ ತೀರ್ಮಾನವಾಗಬಾರದು ಎಂದು ನನಗೆ ಬಲವಾಗಿ ಅನ್ನಿಸಿದ್ದರಿಂದ, ಮರುದಿನ ಬೆಳಗಿನ ಬಸ್ಸಿಗೆ ಆಕೆಯನ್ನೂ ಅಪ್ಪನನ್ನೂ ಕರೆದುಕೊಂಡು ಜಿಲ್ಲಾ ಕೇಂದ್ರದಲ್ಲಿರುವ ಸೈನಿಕ ಕಲ್ಯಾಣ ಕಚೇರಿಗೆ ಹೊರಟೆ. ಅಪ್ಪ ಬರಲು ಒಪ್ಪಿದ್ದು ನನಗೂ ಅಚ್ಚರಿಯೇ.

ಕಚೇರಿಯಲ್ಲಿ ನಮ್ಮ ಕಾಗದಗಳನ್ನು ನೋಡಿದವರು ಸುಬೇದಾರ್ ಆಗಿ ನಿವೃತ್ತರಾದ ಒಬ್ಬ ಹಿರಿಯರು. ಅವರು ಬೇರೆ ಏನನ್ನೂ ಕೇಳುವ ಮೊದಲು ಪಿಪಿಒ, ಅಂದರೆ ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಯಿಂದ ಬಂದ ಪಿಂಚಣಿ ಪಾವತಿ ಆದೇಶವನ್ನು ಬಿಡಿಸಿ, ಅದರಲ್ಲಿ ಯಾವ ಬಗೆಯ ಪಿಂಚಣಿ ಎಂದು ಬರೆದಿರುವ ಜಾಗಕ್ಕೆ ಬೆರಳಿಟ್ಟರು. ಅಲ್ಲಿ 'ಸ್ಪೆಷಲ್ ಫ್ಯಾಮಿಲಿ ಪೆನ್ಷನ್' ಎಂದಿತ್ತು. ನಾಲ್ಕು ವರ್ಷಗಳಿಂದ ಆ ಕಾಗದ ನಮ್ಮ ಮನೆಯ ಟ್ರಂಕಿನಲ್ಲಿತ್ತು, ಆದರೆ ಹಿಂದಿ ಇಂಗ್ಲಿಷುಗಳಲ್ಲಿದ್ದ ಅದರ ಒಂದು ಸಾಲು ಇಷ್ಟೆಲ್ಲವನ್ನು ನಿರ್ಧರಿಸುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅವರು ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಸೈನಿಕನ ಹೆಂಡತಿ ಮಕ್ಕಳಿರುವ ಪ್ರತಿಯೊಂದು ಮನೆಗೂ ಇದು ಗೊತ್ತಿರಬೇಕು. ಸೈನಿಕ ಸೇವೆಯಲ್ಲಿದ್ದಾಗ ತೀರಿಕೊಂಡರೆ, ಸಾವು ಹೇಗಾಯಿತು ಎಂಬುದನ್ನು ಸೇನೆ ವಿಚಾರಣೆ ನಡೆಸಿ ಗೊತ್ತುಮಾಡುತ್ತದೆ. ಸೇವೆಗೆ ಸಂಬಂಧವಿಲ್ಲದ ಸಹಜ ಕಾರಣದಿಂದ ಸಾವಾಗಿದ್ದರೆ ಸಾಮಾನ್ಯ ಕುಟುಂಬ ಪಿಂಚಣಿ ಸಿಗುತ್ತದೆ. ಅದು ಮೊದಲ ಹತ್ತು ವರ್ಷ ಕೊನೆಯ ವೇತನದ 50 ಪ್ರತಿಶತ, ಆಮೇಲೆ 30 ಪ್ರತಿಶತ. ಸೇವೆಯೇ ಕಾರಣವಾದ ಕಾಯಿಲೆಯಿಂದ ಅಥವಾ ಕರ್ತವ್ಯದ ವೇಳೆಯ ಅಪಘಾತದಿಂದ ಸಾವಾಗಿದ್ದರೆ ವಿಶೇಷ ಕುಟುಂಬ ಪಿಂಚಣಿ, 60 ಪ್ರತಿಶತ. ಯುದ್ಧದಲ್ಲಿ, ಗಡಿಯ ಕಾಳಗದಲ್ಲಿ, ಭಯೋತ್ಪಾದಕರ ದಾಳಿಯಲ್ಲಿ ಮಡಿದರೆ ಉದಾರೀಕೃತ ಪಿಂಚಣಿ, ಅಂದರೆ ಕೊನೆಯ ವೇತನದಷ್ಟೇ. 40,000 ರೂಪಾಯಿ ವೇತನವಿದ್ದವನ ಮನೆಗೆ, ಸಾವಿನ ಬಗೆಯನ್ನು ನೋಡಿಕೊಂಡು, ಮೊದಲ ಹತ್ತು ವರ್ಷ 20,000, ಆಮೇಲೆ 12,000 ಬರಬಹುದು, 24,000ವೂ ಬರಬಹುದು, ಪೂರ್ತಿ 40,000ವೂ ಬರಬಹುದು; ಇದರ ಮೇಲೆ ತುಟ್ಟಿಭತ್ಯೆ ಸೇರುತ್ತದೆ. ಸಾಕಬೇಕಾದ ಮಕ್ಕಳು ಒಬ್ಬರಿರಲಿ, ಮೂವರಿರಲಿ, ತಲೆಗಿಷ್ಟು ಎಂದು ಅದು ಹೆಚ್ಚುವುದಿಲ್ಲ. ಪ್ರಾಣ ಕೊಟ್ಟ ಬಗೆಗೆ ದೇಶ ಹೆಚ್ಚಿನ ಗೌರವ ಸಲ್ಲಿಸುವುದು ಸರಿಯೇ; ಆದರೆ ಮಕ್ಕಳ ಶಾಲೆ, ಊಟ, ಔಷಧಿಯ ಖರ್ಚು ತಂದೆ ಹೇಗೆ ಸತ್ತ ಎಂಬುದನ್ನು ಅನುಸರಿಸಿ ಬದಲಾಗುವುದಿಲ್ಲ ಎಂಬುದನ್ನು ನಿಯಮ ಇನ್ನಷ್ಟು ಗಮನಿಸಬೇಕಿತ್ತು ಎಂದು ನಾನು ಈಗಲೂ ನಂಬುತ್ತೇನೆ.

ಇಷ್ಟನ್ನು ಹೇಳಿದ ಮೇಲೆ ಆ ಹಿರಿಯರು ತಮ್ಮನ ಹೆಂಡತಿಯ ಕಡೆಗೆ ತಿರುಗಿದರು.

"ಮದುವಿ ಆದಮ್ಯಾಲೂ ಮಕ್ಕಳನ್ನ ನೀವ ಸಾಕ್ತೀರೇನವ್ವಾ?"

"ಹೌದ್ರಿ. ಅವರನ್ನ ಬಿಟ್ಟು ನಾ ಎಲ್ಲಿಗೂ ಹೋಗಂಗಿಲ್ಲ."

"ಹಂಗಿದ್ರ ನಿಮ್ಮ ಪಿಂಚಣಿ ಒಂದು ರೂಪಾಯಿನೂ ಕಡಿಮಿ ಆಗಂಗಿಲ್ಲ. ಮದುವಿ ಆಗಿದ್ದನ್ನ ಮುಚ್ಚಿಡಬ್ಯಾಡ್ರಿ, ಬರದು ತಿಳಸ್ರಿ. ಅಷ್ಟ."

ವಿಶೇಷ ಪಿಂಚಣಿ ಮತ್ತು ಉದಾರೀಕೃತ ಪಿಂಚಣಿ ಪಡೆಯುವ ವಿಧವೆ ಮರುಮದುವೆಯಾದರೂ, ಸತ್ತ ಸೈನಿಕನ ಮಕ್ಕಳನ್ನು ತಾನೇ ಸಾಕುತ್ತಿದ್ದರೆ, ಆಕೆಗೆ ಪೂರ್ತಿ ಪಿಂಚಣಿ ಮುಂದುವರಿಯುತ್ತದೆ. ಸಾಕದೆ ಹೋದರೆ ಅದರಲ್ಲಿ ಮಕ್ಕಳಿಗೆ ಪಾಲಾಗುತ್ತದೆ. ಎರಡನೆಯ ಗಂಡ ಯಾರಾಗಿರಬೇಕು ಎಂಬ ಷರತ್ತು ಇದರಲ್ಲಿ ಎಲ್ಲಿಯೂ ಇಲ್ಲ. ಹಾಗಿದ್ದರೆ ಮೈದುನನ ಮಾತು ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಅದು ಶೌರ್ಯ ಪ್ರಶಸ್ತಿಯ ಜೊತೆಗೆ ಬರುವ ಮಾಸಿಕ ಭತ್ಯೆಯ ನಿಯಮವಾಗಿತ್ತು: ಪ್ರಶಸ್ತಿ ಪಡೆದವನ ವಿಧವೆ ಗಂಡನ ಸೋದರನನ್ನು ಮದುವೆಯಾದರೆ ಮಾತ್ರ ಆ ಭತ್ಯೆ ಮುಂದುವರಿಯುತ್ತಿತ್ತು. 2017ರ ನವೆಂಬರ್‌ನಲ್ಲಿ ಸರ್ಕಾರ ಆ ಷರತ್ತನ್ನು ತೆಗೆದುಹಾಕಿತು. ನನ್ನ ತಮ್ಮನಿಗೆ ಅಂಥ ಪ್ರಶಸ್ತಿಯೇ ಇರಲಿಲ್ಲ. ಅವನು ಬದುಕಿದ್ದಾಗಲೇ ರದ್ದಾಗಿದ್ದ, ಅವನಿಗೆ ಸಂಬಂಧವೇ ಇಲ್ಲದ ಒಂದು ನಿಯಮ ಅವನ ಹೆಂಡತಿ ಯಾರನ್ನು ಮದುವೆಯಾಗಬೇಕೆಂದು ಹೇಳಲು ನಮ್ಮ ಪಡಸಾಲೆಯವರೆಗೆ ಬಂದಿತ್ತು.

ಮದುವೆಯಾದರೆ ಪಿಂಚಣಿ ನಿಲ್ಲುತ್ತದೆ ಎಂಬ ಮಾತಿನ ಮೂಲ ಗೊತ್ತಾಗಿದ್ದು ಅದೇ ಕೋಣೆಯಲ್ಲಿ, ನಮ್ಮ ನಂತರದ ಸರದಿಗೆ ಕಾಯುತ್ತಿದ್ದವರಿಂದ. ಅವರ ಪತ್ನಿ ಸೇನಾ ನರ್ಸಿಂಗ್ ಸೇವೆಯಲ್ಲಿ ಅಧಿಕಾರಿಯಾಗಿದ್ದು, ಕಾಯಿಲೆಯಿಂದ ತೀರಿಕೊಂಡಿದ್ದರು. ಹನ್ನೊಂದು ವರ್ಷದ ಮಗಳು ಅಪ್ಪನ ಪಕ್ಕದಲ್ಲಿ ಕುಳಿತು ಪಾಠದ ಪುಸ್ತಕ ಓದುತ್ತಿದ್ದಳು. ಆ ಸಾವು ಸೇವೆಗೆ ಸಂಬಂಧಿಸಿದ್ದಲ್ಲ ಎಂದು ತೀರ್ಮಾನವಾಗಿದ್ದರಿಂದ ಅವರದು ಸಾಮಾನ್ಯ ಪಿಂಚಣಿ. ಅದು ವಿಧವೆಗೆ ಸಿಗುವಂತೆಯೇ ವಿಧುರನಿಗೂ ಸಿಗುತ್ತದೆ. ಆದರೆ ಮಕ್ಕಳಿರುವವರು ಮರುಮದುವೆಯಾದ ಕೂಡಲೇ ಅವರ ಹಕ್ಕು ಮುಗಿದು ಪಿಂಚಣಿ ಮಗುವಿನ ಹೆಸರಿಗೆ ಹೋಗುತ್ತದೆ, ಇಪ್ಪತ್ತೈದು ವರ್ಷ ತುಂಬುವವರೆಗೆ, ಅಥವಾ ಅದಕ್ಕೂ ಮೊದಲೇ ಮದುವೆ ಆಗುವವರೆಗೆ, ಸ್ವಂತ ದುಡಿಮೆ ಸಿಗುವವರೆಗೆ. ಅಂಗವಿಕಲ ಮಗುವಾಗಿದ್ದು ದುಡಿಯಲಾಗದಿದ್ದರೆ ಜೀವನಪೂರ್ತಿ ಬರುತ್ತದೆ. ಅಂದರೆ ಊರಿನವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಅದು ಇನ್ನೊಬ್ಬರ ಕಡತದ ನಿಜವಾಗಿತ್ತು. ತಮಗೆ ಹೆಣ್ಣು ನೋಡಲು ನೆಂಟರು ವರ್ಷ ತುಂಬುವ ಮೊದಲೇ ಹೊರಟಿದ್ದರು, ಪಿಂಚಣಿಯ ಮಾತನ್ನು ಯಾರೂ ಎತ್ತಿರಲಿಲ್ಲ, ತಾವೇ ತಿಳಿದುಕೊಳ್ಳಲು ಬಂದೆ ಎಂದು ಅವರು ಹೇಳಿದರು. ಗಂಡಸಿನ ಮರುಮದುವೆಗೆ ಹಣದ ಲೆಕ್ಕ ಅಡ್ಡ ಬರದ ಮನೆಗಳಲ್ಲಿಯೇ ಹೆಂಗಸಿನ ಮರುಮದುವೆಗೆ ಅದು ಮೊದಲ ಪ್ರಶ್ನೆಯಾಗುವುದನ್ನು ನಾನು ಅಲ್ಲಿಯೇ, ಅಪ್ಪನ ಎದುರಿಗೇ ಹೇಳಿದೆ.

ಅಪ್ಪ ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಹಡದವರಿಗೆ ಏನೂ ಇಲ್ಲೇನ್ರಿ?" ಹೆಂಡತಿ ಮಕ್ಕಳು ಅರ್ಹರಿರುವವರೆಗೆ ತಂದೆ ತಾಯಿಗೆ ಕುಟುಂಬ ಪಿಂಚಣಿಯ ಸರದಿ ಬರುವುದಿಲ್ಲ ಎಂದು ಆ ಹಿರಿಯರು ಮೆತ್ತಗೆ ಹೇಳಿದರು. ಅಪ್ಪನಿಗೆ ದುಡ್ಡಿನ ಆಸೆ ಎಂದು ತಿಳಿದವರಿದ್ದಾರೆ, ಹಾಗಲ್ಲ. ಮಗ ಪ್ರತಿ ತಿಂಗಳು ಕಳಿಸುತ್ತಿದ್ದ ಹಣದಲ್ಲಿ ಬೀಜ ಗೊಬ್ಬರ ತರುತ್ತಿದ್ದ ರೈತ ಅವರು, ಮಗನ ಜೊತೆಗೆ ಆ ಆಸರೆಯೂ ಹೋಯಿತು, ಇನ್ನು ಮೊಮ್ಮಕ್ಕಳೂ ದೂರವಾಗುತ್ತಾರೆ ಎಂಬ ಭಯ ಆ ಪ್ರಶ್ನೆಯಲ್ಲಿತ್ತು. ವಯಸ್ಸಾದ ತಂದೆ ತಾಯಿಗೆ ಸರ್ಕಾರ ಬೇರೆಯಾಗಿ ಏನಾದರೂ ಏರ್ಪಾಡು ಮಾಡಲೇಬೇಕು. ಅದನ್ನು ಸೊಸೆಯನ್ನು ಮನೆಯಲ್ಲಿ ಕಟ್ಟಿಹಾಕಿ ಪಡೆಯಲಾಗದು.

ಹೊರಡುವ ಮುನ್ನ ಆ ಹಿರಿಯರು ಮತ್ತೊಂದು ಅರ್ಜಿಯನ್ನು ಕೈಗಿಟ್ಟರು. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರ ವಿಧವೆಯರು ಮರುಮದುವೆಯಾದರೆ ಕೇಂದ್ರೀಯ ಸೈನಿಕ ಮಂಡಳಿಯೇ ಸಹಾಯಧನ ಕೊಡುತ್ತದೆ, ಆಗ ಅದು 50,000 ರೂಪಾಯಿ. ಮರುಮದುವೆಯನ್ನು ತಪ್ಪೆಂದು ನೋಡುವುದಿರಲಿ, ಅದಕ್ಕೆ ನೆರವಾಗಲು ಸರ್ಕಾರ ಹಣವನ್ನೇ ತೆಗೆದಿರಿಸಿದೆ ಎಂಬುದನ್ನು ಕೇಳಿ ತಮ್ಮನ ಹೆಂಡತಿ ಆ ಅರ್ಜಿಯನ್ನು ಎರಡು ಸಲ ಓದಿಸಿಕೊಂಡಳು. 2025ರ ನವೆಂಬರ್‌ನಿಂದ ಸಲ್ಲಿಸುವ ಅರ್ಜಿಗಳಿಗೆ, ಮದುವೆ ಆ ವರ್ಷದ ಹೊಸ ಆದೇಶದ ನಂತರ ನಡೆದಿದ್ದರೆ, ಈ ಮೊತ್ತ ಒಂದು ಲಕ್ಷವಾಗಿದೆ. ಇದೇ ದರ್ಜೆಯವರ ಇಬ್ಬರು ಮಕ್ಕಳವರೆಗೆ, ಒಂದನೆಯ ತರಗತಿಯಿಂದ ಪದವಿಯವರೆಗೆ ಕೊಡುವ ಶಿಕ್ಷಣ ಸಹಾಯಧನವೂ ಮಗುವೊಂದಕ್ಕೆ ತಿಂಗಳಿಗೆ 1,000 ಇದ್ದದ್ದು 2,000 ಆಗಿದೆ. ವೃತ್ತಿಪರ ಕೋರ್ಸಿಗೆ ಸೇರುವ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ಇವೆಲ್ಲಕ್ಕೂ ಮಗುವಿನ ಹೆಸರು ಸೈನಿಕನ ಸೇವಾ ದಾಖಲೆಯಲ್ಲಿರಬೇಕು. ಮಗ ಹುಟ್ಟಿದಾಗ ರಜೆಗೆ ಬಂದಿದ್ದ ತಮ್ಮ ಜನನ ಪ್ರಮಾಣಪತ್ರವನ್ನು ಮಾಡಿಸಿ ತೆಗೆದುಕೊಂಡು ಹೋಗಿ, ಯೂನಿಟ್ಟಿನ ಪಾರ್ಟ್ ಟು ಆರ್ಡರಿನಲ್ಲಿ, ಅಂದರೆ ಸೈನಿಕನ ಕುಟುಂಬದ ವಿವರಗಳನ್ನು ಸೇವಾ ದಾಖಲೆಗೆ ಸೇರಿಸುವ ಆದೇಶದಲ್ಲಿ, ಹೆಸರು ಬರುವಂತೆ ನೋಡಿಕೊಂಡಿದ್ದ. ಆ ಕೆಲಸವನ್ನು ಅವನು ಮುಂದಿನ ರಜೆಗೆಂದು ಉಳಿಸಿರಲಿಲ್ಲ.

ಮದುವೆ ಉಪನೋಂದಣಿ ಕಚೇರಿಯಲ್ಲಿ ಸರಳವಾಗಿ ನಡೆಯಿತು. ಅಪ್ಪ ಬಂದು ಸಾಕ್ಷಿಯಾಗಿ ಸಹಿ ಹಾಕಿದರು. ಮದುವೆಯ ವಿಷಯವನ್ನೂ, ಮಕ್ಕಳು ತನ್ನ ಬಳಿಯೇ ಇದ್ದಾರೆಂಬ ಹೇಳಿಕೆಯನ್ನೂ ಆಕೆ ಬರೆದು ಕೊಟ್ಟಳು. ಪಿಂಚಣಿ ಮೊದಲಿನಂತೆಯೇ ಬರುತ್ತಿದೆ. ಅದರಲ್ಲಿ ಒಂದು ಭಾಗವನ್ನು ಆಕೆ ಅಪ್ಪನ ಖಾತೆಗೆ ಹಾಕುತ್ತಾಳೆ. ಹಾಗೆ ಮಾಡೆಂದು ನಾವು ಕೇಳಿರಲಿಲ್ಲ.

ಸರ್ಕಾರಕ್ಕೆ ನನ್ನದೊಂದು ಬೇಡಿಕೆಯಿದೆ. ಪಿಂಚಣಿ ಮಂಜೂರಾದ ದಿನವೇ, ಪಿಪಿಒ ಜೊತೆಗೆ, ಆ ಕುಟುಂಬದ ಭಾಷೆಯಲ್ಲಿ ಒಂದು ಹಾಳೆ ಬರಲಿ: ನಿಮ್ಮದು ಯಾವ ಬಗೆಯ ಪಿಂಚಣಿ, ಮರುಮದುವೆಯಾದರೆ ಅದು ಏನಾಗುತ್ತದೆ, ಮಕ್ಕಳಿಗೆ ಎಲ್ಲಿಯವರೆಗೆ ಏನು ಸಿಗುತ್ತದೆ, ತಂದೆ ತಾಯಿಗೆ ಏನಿದೆ, ಏನಿಲ್ಲ ಎಂದು ಬರೆದಿರುವ ಹಾಳೆ. ಅದನ್ನು ಕಳಿಸಲು ಹೊಸ ಕಾನೂನು ಬೇಕಿಲ್ಲ. ನಮಗೆ ಆ ದಿನ ಕಚೇರಿಯಲ್ಲಿ ಬಾಯಿಮಾತಿನಲ್ಲಿ ತಿಳಿದದ್ದೆಲ್ಲ ಈಗಾಗಲೇ ನಿಯಮಗಳಲ್ಲಿ ಇರುವುದೇ.