ವಿಡಿಯೊ ತೋರಿಸಿದ ಮೇಲೂ ಮಕ್ಕಳಿಗೆ ಯಾಕೆ ತಿಳಿಯುವುದಿಲ್ಲ?

ಮಂಡ್ಯ, ಮದ್ದೂರು, ನಂಜನಗೂಡು ಕಡೆಯ ಮೇಷ್ಟ್ರುಗಳು ಮೇಡಂಗಳು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಸ್ಮಾರ್ಟ್ ಕ್ಲಾಸ್ ಇದೆ, ಪ್ರೊಜೆಕ್ಟರ್ ಇದೆ, ಆನ್‌ಲೈನಲ್ಲಿ ಬೇಕಾದಷ್ಟು ವಿಡಿಯೊ, ಸಿಮ್ಯುಲೇಶನ್ ಸಿಗ್ತವೆ. ಹಾಕಿದ್ರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡ್ತಾರೆ. ಮಾರನೇ ದಿನ ಕೇಳಿದ್ರೆ ಏನೂ ಉಳಿದಿರಲ್ಲ. ಎಲ್ಲಿ ತಪ್ತಾ ಇದೀವಿ?"

ನನ್ನ ಉತ್ತರ: ಪರದೆ ಬೆಳಗುವುದಕ್ಕೆ ಮುಂಚೆ ಪ್ರತಿ ಮಗುವೂ ತನ್ನ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಏನಾಗುತ್ತದೆ ಎಂದು ತಾನೇ ಬರೆದುಕೊಟ್ಟ ಮಗು ಅದು ನಿಜವಾಗುತ್ತದೋ ಇಲ್ಲವೋ ಎಂದು ನೋಡುತ್ತದೆ. ಬರೆಯದ ಮಗು ಬಣ್ಣ ನೋಡುತ್ತದೆ. ಉಳಿದದ್ದೆಲ್ಲ, ಅಂದರೆ ಯಾವ ಆ್ಯಪ್, ಯಾವ ಪ್ರೊಜೆಕ್ಟರ್ ಎನ್ನುವುದೆಲ್ಲ, ಇದರ ನಂತರದ ಮಾತು.

ಒಂದು ಪಾಠ ಹಿಡಿದು ಹೇಳುತ್ತೇನೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ 'ಫೆಟ್' ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳು, ಬಹಳ ಜನಕ್ಕೆ ಗೊತ್ತು. ಉಚಿತ, ಕೆಲವು ಕನ್ನಡದಲ್ಲೂ ಇವೆ. ಅದರಲ್ಲಿ ವಿದ್ಯುತ್ ಮಂಡಲ ಕಟ್ಟುವ ಕಿಟ್ ಒಂದಿದೆ. ಬ್ಯಾಟರಿ ಎಳೆದು ಹಾಕಿದರೆ 9 ವೋಲ್ಟ್, ಬಲ್ಬ್ ಎಳೆದು ಹಾಕಿದರೆ 10 ಓಮ್. ಒಂದು ಬಲ್ಬ್ ಜೋಡಿಸಿ ಅಮ್ಮೀಟರ್ ಇಟ್ಟರೆ 0.9 ಆಂಪಿಯರ್ ತೋರಿಸುತ್ತದೆ. ಇಲ್ಲಿಗೆ ನಿಲ್ಲಿಸಿ. ಪ್ರೊಜೆಕ್ಟರ್ ರಿಮೋಟಿನಲ್ಲಿ ಪರದೆ ಕಪ್ಪಾಗಿಸುವ ಗುಂಡಿ ಇದ್ದರೆ ಅದನ್ನು ಒತ್ತಿ, ಇಲ್ಲದಿದ್ದರೆ ಲೆನ್ಸಿನ ಮುಚ್ಚಳ ಹಾಕಿ. ಕರಿಹಲಗೆಯ ಮೇಲೆ ಎರಡು ಬಲ್ಬಿನ ಸರಣಿ ಜೋಡಣೆ ಬರೆದು ಕೇಳಿ: ಮೊದಲನೇ ಬಲ್ಬ್ ಜಾಸ್ತಿ ಉರಿಯುತ್ತದೋ, ಎರಡನೆಯದೋ, ಎರಡೂ ಒಂದೇ ಸಮವೋ?

ತರಗತಿಯಲ್ಲಿ ಬಹಳಷ್ಟು ಮಕ್ಕಳು ಮೊದಲನೆಯದು ಎನ್ನುತ್ತಾರೆ. "ಅದು ಕರೆಂಟ್ ತಿಂದ್ಬಿಡುತ್ತೆ ಸಾ, ಎರಡ್ನೇದಕ್ಕೆ ಉಳಿದದ್ದಷ್ಟೇ" ಎನ್ನುವುದು ಅವರ ಲೆಕ್ಕ. ನಾಲೆಯ ಮೇಲ್ಭಾಗದ ಗದ್ದೆಯವರು ನೀರು ಹಿಡಿದುಕೊಂಡರೆ ಕೊನೆ ಭಾಗಕ್ಕೆ ಬರುವುದಿಲ್ಲ ಎನ್ನುವುದನ್ನು ಕಣ್ಣಾರೆ ಕಂಡ ಮಕ್ಕಳು ಹಾಗೆ ಯೋಚಿಸುವುದು ಸಹಜ. ಆ ಊಹೆಯನ್ನು ತಪ್ಪು ಎಂದು ತಳ್ಳಿಹಾಕಬೇಡಿ, ಬರೆಸಿ. ಆಮೇಲೆ ಪರದೆ ತೆರೆದು ಅಮ್ಮೀಟರನ್ನು ಮೂರು ಕಡೆ ಇಡಿ: ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ. ಮೂರೂ ಕಡೆ 0.45. ಇಡೀ ತರಗತಿ ಗಪ್‌ಚಿಪ್ ಆಗುವ ಗಳಿಗೆ ಅದು. ಅಲ್ಲೇ ವಿವರಣೆಗೆ ನುಗ್ಗದೆ ಎರಡು ನಿಮಿಷ ಮಕ್ಕಳ ಬಾಯಲ್ಲಿ ಕಾರಣ ಬರಲಿ. ಹಾಗಿದ್ದರೆ ನಾಲೆಗೂ ಮಂಡಲಕ್ಕೂ ಏನು ವ್ಯತ್ಯಾಸ ಎಂದು ಅವರೇ ಕೇಳಿದರೆ ಅರ್ಧ ಪಾಠ ಮುಗಿದಂತೆ.

ಊಹೆ ಎಣಿಸಲು ಫೋನ್ ಬೇಡ, ಆ್ಯಪ್ ಬೇಡ. ಎ4 ಹಾಳೆಯನ್ನು ನಾಲ್ಕು ಮಾಡಿ ಅ, ಆ, ಇ, ಈ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟರೆ ಸಾಕು. ಮೂರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಇಲ್ಲದಿದ್ದರೆ ಮೊದಲ ಬೆಂಚಿನ ಜಾಣನ ಚೀಟಿ ನೋಡಿ ಉಳಿದವರು ಎತ್ತುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1991ರಿಂದ ಬಳಸಿದ ಕ್ರಮ ಇಲ್ಲಿ ಚೆನ್ನಾಗಿ ಒಗ್ಗುತ್ತದೆ: ಸರಿ ಉತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಪಾಠ ಮತ್ತೆ ಹೇಳಿ. ಶೇ 30ರಿಂದ 70ರ ನಡುವೆ ಇದ್ದರೆ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು ಇನ್ನೊಮ್ಮೆ ಚೀಟಿ ಎತ್ತಿಸಿ. 70 ದಾಟಿದ್ದರೆ ಮುಂದೆ ಹೋಗಿ.

ಸಿಮ್ಯುಲೇಶನ್ ಎಲ್ಲಿ ನಿಜಕ್ಕಿಂತ ಬೇರೆ ಎನ್ನುವುದು ಮೇಷ್ಟ್ರಿಗೆ ಗೊತ್ತಿರಲೇಬೇಕು. ಅದರ ಬ್ಯಾಟರಿಗೆ ಮೊದಲಿಗೆ ಆಂತರಿಕ ರೋಧವಿಲ್ಲ, ಅಂದರೆ ಕರೆಂಟನ್ನು ತನ್ನೊಳಗೇ ತಡೆಯುವ ಗುಣವಿಲ್ಲ. ಹಾಗಾಗಿ ಎರಡು ಬಲ್ಬನ್ನು ಸಮಾಂತರವಾಗಿ ಜೋಡಿಸಿದರೆ ಒಂದೊಂದರಲ್ಲೂ ಮೊದಲಿನಂತೆಯೇ 0.9, ಬೆಳಕು ಒಂದಿಷ್ಟೂ ತಗ್ಗುವುದಿಲ್ಲ. ಅದೇ ಪ್ರಯೋಗವನ್ನು ಹಳೇ ಟಾರ್ಚಿನ ಶೆಲ್ಲಿನಲ್ಲಿ ಮಾಡಿದರೆ ಎರಡೂ ಮಂಕಾಗುತ್ತವೆ. ಆಗ ಮಕ್ಕಳು ಕಂಪ್ಯೂಟರ್ ಸರಿ, ನಮ್ಮ ಶೆಲ್ ಸರಿಯಿಲ್ಲ ಎನ್ನುತ್ತಾರೆ. ಲ್ಯಾಬ್ ಪುಟದ ಸುಧಾರಿತ ಆಯ್ಕೆಗಳಲ್ಲಿ ಬ್ಯಾಟರಿಯ ರೋಧವನ್ನು 5 ಓಮಿಗೆ ಏರಿಸಿ ತೋರಿಸಿ. ಒಂದೇ ಬಲ್ಬ್ ಇದ್ದಾಗ 0.6 ಆಂಪಿಯರ್, ಎರಡನೆಯದನ್ನು ಸಮಾಂತರವಾಗಿ ಸೇರಿಸಿದರೆ ತಲಾ 0.45. ಶೆಲ್ಲಿನ ಕಥೆ ಪರದೆಯ ಮೇಲೂ ಕಾಣುತ್ತದೆ. ಅಲ್ಲಿ ಓಡುವ ನೀಲಿ ಚುಕ್ಕೆಗಳ ವೇಗವೂ ಅಷ್ಟೇ: ನಿಜವಾದ ತಂತಿಯಲ್ಲಿ ಎಲೆಕ್ಟ್ರಾನುಗಳು ಮುಂದೆ ಸಾಗುವುದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ. ಹೇಳದೇ ಬಿಟ್ಟರೆ ಮಕ್ಕಳ ತಲೆಯಲ್ಲಿ ಕರೆಂಟು ಎಂದರೆ ಓಡುವ ಇರುವೆ ಸಾಲು ಎಂದೇ ಕೂತುಬಿಡುತ್ತದೆ. ಶೆಲ್, ಬಲ್ಬ್, ತಂತಿ ಮೇಜಿನ ಮೇಲೆ ಇರಲೇಬೇಕು. ಪರದೆ ಅದಕ್ಕೆ ಬದಲಿ ಅಲ್ಲ.

ನೆಟ್‌ವರ್ಕ್ ಇಲ್ಲ ಎನ್ನುವುದು ಮುಂದಿನ ತಕರಾರು. ತರಗತಿ ಹೊತ್ತಿನಲ್ಲಿ ನೆಟ್ ನಂಬಲೇಬೇಡಿ. ಫೆಟ್ ಪುಟದಲ್ಲಿ ಭಾಷೆ ಆರಿಸಿ ಡೌನ್‌ಲೋಡ್ ಒತ್ತಿದರೆ ಇಡೀ ಸಿಮ್ಯುಲೇಶನ್ ಒಂದೇ ಎಚ್‌ಟಿಎಂಎಲ್ ಕಡತವಾಗಿ ಇಳಿಯುತ್ತದೆ, ಕೆಲವೇ ಎಂಬಿ. ಪೆನ್‌ಡ್ರೈವಿಗೆ ಹಾಕಿ ಯಾವುದಾದರೂ ಹೊಸ ಬ್ರೌಸರಿನಲ್ಲಿ ತೆರೆದರೆ ನೆಟ್ ಇಲ್ಲದೇ ಓಡುತ್ತದೆ. ಸಹೋದ್ಯೋಗಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋನಿನಲ್ಲಿ ತೆರೆದಾಗ ಬರೀ ಬಿಳಿ ಪುಟ ಕಂಡರೆ ಅದು ಬೇರೆ ಯಾವುದೋ ಆ್ಯಪಿನಲ್ಲಿ ತೆರೆದಿರುತ್ತದೆ, ಕ್ರೋಮ್ ಆರಿಸಿ ನೋಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡಿನ ದೀಕ್ಷಾ ಪಾಠಗಳನ್ನೂ ಹಿಂದಿನ ರಾತ್ರಿಯೇ ಆ್ಯಪಿಗೆ ಇಳಿಸಿಕೊಳ್ಳಬಹುದು. ಅನುವಾದದ ಪದಗಳು ಪುಸ್ತಕದ ಪದಕ್ಕೆ ಹೊಂದದಿದ್ದರೆ ಎರಡನ್ನೂ ಹಲಗೆಯ ಮೇಲೆ ಬರೆದಿಡಿ.

ಇಂಗ್ಲಿಷ್ ವಿಡಿಯೊ ಆದರೆ ಧ್ವನಿ ತೆಗೆದು ನೀವೇ ಕನ್ನಡದಲ್ಲಿ ಹೇಳಿ. ಹತ್ತು ನಿಮಿಷದ ವಿಡಿಯೊದಲ್ಲಿ ನಿಮಗೆ ಬೇಕಾದದ್ದು ತೊಂಬತ್ತು ಸೆಕೆಂಡ್ ಇರುತ್ತದೆ, ಅಷ್ಟನ್ನೇ ಎರಡು ಸಲ ತೋರಿಸಿ. ಯೂಟ್ಯೂಬಿನಲ್ಲಿ ಕೀಲಿಮಣೆಯ 'ಕೆ' ಒತ್ತಿದರೆ ನಿಲ್ಲುತ್ತದೆ, 'ಜೆ' ಹತ್ತು ಸೆಕೆಂಡ್ ಹಿಂದೆ, 'ಎಲ್' ಹತ್ತು ಸೆಕೆಂಡ್ ಮುಂದೆ. ನಿಲ್ಲಿಸಿಟ್ಟು ಪೂರ್ಣವಿರಾಮದ ಕೀಲಿ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಸರಿಯುತ್ತದೆ. ಬೀಳುವ ಚೆಂಡು ಪ್ರತಿ ಫ್ರೇಮಿಗೆ ಹೆಚ್ಚು ಹೆಚ್ಚು ದೂರ ಹಾರುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಪ್ರೊಜೆಕ್ಟರಿನ ವಿಷಯದಲ್ಲಿ ಎರಡೇ ಮಾತು. ಕಿಟಕಿ ಮುಚ್ಚಲಾಗದ ಕೋಣೆಯಲ್ಲಿ ಹಳೇ ಪ್ರೊಜೆಕ್ಟರಿಗಿಂತ 32 ಇಂಚಿನ ಟಿವಿ ಮೇಲು, ಮಕ್ಕಳನ್ನು ಹತ್ತಿರ ಕೂರಿಸಿಕೊಂಡರಾಯಿತು. ಮಕ್ಕಳು ಬರುವ ಮುಂಚೆ ನೀವೇ ಕೊನೇ ಬೆಂಚಿನಲ್ಲಿ ಕೂತು ಅಕ್ಷರ ಓದಿ ನೋಡಿ.

ವಿಜ್ಞಾನ ಬಿಟ್ಟು ಸಮಾಜಕ್ಕೆ ಬಂದರೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಚಿತ್ರ ಇನ್ನೊಂದಿಲ್ಲ. ಗೂಗಲ್ ಅರ್ಥ್‌ನಲ್ಲಿ ಕೆಆರ್‌ಎಸ್ ಅಣೆಕಟ್ಟೆಯಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹಿಡಿದು ಹೋಗಿ. ಹುಲಿಕೆರೆ ಹತ್ತಿರ ನಾಲೆ ಇದ್ದಕ್ಕಿದ್ದಂತೆ ಕಾಣೆಯಾಗಿ, ಆಚೆ ಮತ್ತೆ ಹುಟ್ಟುತ್ತದೆ. ಎಲ್ಲಿ ಹೋಯಿತು ಎಂದು ಕೇಳಿ, ಬರೆಸಿ, ಆಮೇಲೆ ಸುರಂಗದ ಮಾತು ತೆಗೆಯಿರಿ. ಹಳೆಯ ವರ್ಷಗಳ ಉಪಗ್ರಹ ಚಿತ್ರ ತೋರಿಸುವ ಸೌಲಭ್ಯವೂ ಅದರಲ್ಲಿದೆ. ತುಂಬಿದ ಕಟ್ಟೆಯನ್ನೂ ಬರಗಾಲದ ಕಟ್ಟೆಯನ್ನೂ ಅಕ್ಕಪಕ್ಕ ಇಟ್ಟರೆ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎನ್ನುವ ಅಂಕಿಗೆ ಅರ್ಥ ಬರುತ್ತದೆ.

ಇನ್ನು ಆಕಾಶ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಮೈಸೂರು ಹಾಕಿ ದಿನಾಂಕ ಸರಿಸುತ್ತಾ ಹೋದರೆ ಸೂರ್ಯ ನೇರ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 22ರ ಸುಮಾರಿಗೆ ಮತ್ತು ಆಗಸ್ಟ್ 20ರ ಸುಮಾರಿಗೆ. ಏಪ್ರಿಲಿನಲ್ಲಿ ಬೇಸಿಗೆ ರಜೆ, ಹಾಗಾಗಿ ಶಾಲೆಗೆ ಒದಗುವುದು ಆಗಸ್ಟ್. ನೆತ್ತಿಯ ಸಮಯ ಹನ್ನೆರಡಲ್ಲ, ಮೈಸೂರು ಮಂಡ್ಯ ಎರಡರಲ್ಲೂ ಸುಮಾರು 12 ಗಂಟೆ 26 ನಿಮಿಷ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ನಾವಿರುವುದು ಅದಕ್ಕೆ ಪಶ್ಚಿಮದಲ್ಲಿ. ಪರದೆಯ ಮೇಲೆ ಇದನ್ನು ನೋಡಿದ ಮಕ್ಕಳನ್ನು ಒಂದು ಮೀಟರ್ ಕೋಲಿನೊಂದಿಗೆ ಮೈದಾನಕ್ಕೆ ಕರೆದೊಯ್ಯಿರಿ. ಸೂರ್ಯ ನೇರ ನೆತ್ತಿಗೆ ಬಂದ ಗಳಿಗೆಯಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ತೂಕದ ದಾರ ಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ. ಮೋಡ ಮುಚ್ಚಿದರೆ ಬೇಸರ ಬೇಡ, ಒಂದು ದಿನ ಆಚೀಚೆಯಾದರೆ ಮಧ್ಯಾಹ್ನದ ನೆರಳು ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಆದರೆ ಗಂಟೆ ಹೊಡೆಯುವುದು ನಾಲ್ಕು ನಿಮಿಷ ತಡವಾದರೆ ಪೂರ್ವಕ್ಕೆ ಒಂದೂಮುಕ್ಕಾಲು ಸೆಂಟಿಮೀಟರ್ ನೆರಳು ಚಾಚಿಕೊಂಡಿರುತ್ತದೆ. ಅದಕ್ಕೇ ಅವತ್ತು ಊಟದ ಗಂಟೆಯನ್ನು 12.26ಕ್ಕೆ ಮುಂಚೆಯೇ ಹೊಡೆಯುವಂತೆ ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿಟ್ಟಿರಿ.